ಸವಾರಿಯಳತೆ

ಚಿಂಚೋಳಿ ದಾಟಿ ಕುಂಚಾವರಂ ಕಡೆ ಗಾಡಿ ತಿರುಗಿಸಿದರೆ, ಕಲಬುರಗಿ ಜಿಲ್ಲೆಯೆಂದರೆ ಬರೀ ಬಿಸಿಲು ಎನ್ನುವವರ ಮಾತು ಅಲ್ಲೇ ನಿಂತುಹೋಗುತ್ತದೆ. ತೊಗರಿ ಹೊಲಗಳ ಕರಿಮಣ್ಣು ಹಿಂದೆ ಸರಿದು ಗುಡ್ಡ, ತಿರುವು, ತೇಗದ ಅಗಲ ಎಲೆಗಳು ಬರುತ್ತವೆ. 2011ರಲ್ಲಿ ವನ್ಯಜೀವಿ ಧಾಮವಾದ ಈ ಕಾಡು ಸುಮಾರು 135 ಚದರ ಕಿಲೋಮೀಟರಿನದು. ದಾರಿಯ ಚಹಾದಂಗಡಿಗಳಲ್ಲಿ ಕನ್ನಡದ ಮಾತು ಅರ್ಧಕ್ಕೆ ತೆಲುಗಾಗಿ, ಮತ್ತೆ ಲಂಬಾಣಿಯಾಗಿ ಹರಿಯುತ್ತದೆ. ಮಳೆಗಾಲ ಕಳೆದ ಮೇಲೆ ಈ ದಾರಿಯಲ್ಲಿ ಬೈಕ್ ಓಡಿಸುವುದು ನನ್ನ ಪಾಲಿಗೆ ಹಬ್ಬ. ಹಬ್ಬಕ್ಕೆ ಬಟ್ಟೆ ಬೇಕು. ಆ ಬಟ್ಟೆ ಆರಿಸುವ ಸುಖವೂ ಹಬ್ಬದಷ್ಟೇ ದೊಡ್ಡದು ಎಂದು ನಾನು ನಂಬಿದ್ದೇನೆ.

ನಮ್ಮ ಕಡೆಯ ಹಿರಿಯರು ರುಮಾಲು ಸುತ್ತಿಕೊಳ್ಳುವುದನ್ನು ನೋಡುತ್ತ ಕೂರಬೇಕು. ಒಂದು ತುದಿಯನ್ನು ಹಿಡಿದು, ತಲೆ ಒಂದಿಷ್ಟು ವಾಲಿಸಿ, ಸುತ್ತಿನ ಮೇಲೆ ಸುತ್ತು. ಕೊನೆಗೆ ಅಂಗೈಯಿಂದ ಒಮ್ಮೆ ಒತ್ತಿ ನೋಡಿ ಎದ್ದುಬಿಡುತ್ತಾರೆ. ಕನ್ನಡಿ ಬೇಡ. ರುಮಾಲಿಗೆ ಸೈಜೆಂಬುದಿಲ್ಲ, ದಿನಾ ಬೆಳಿಗ್ಗೆ ಅದು ತಲೆಯ ಮಾತು ಕೇಳಿ ಹೊಸದಾಗಿ ಹುಟ್ಟುತ್ತದೆ. ಕ್ಷೌರವಾದ ಮರುದಿನ ಒಂದು ಸುತ್ತು ಬಿಗಿಯಾಗುತ್ತದೆ, ಅಷ್ಟೇ. ಧೋತರವೂ ಹಾಗೆಯೇ, ಸೀರೆಯೂ ಹಾಗೆಯೇ. ಹೊಲಿಯದ ಬಟ್ಟೆಗೆ ಮೈಯ ಮೇಲೆ ಎಷ್ಟೊಂದು ಅಕ್ಕರೆ!

ಹೆಲ್ಮೆಟ್ಟಿಗೆ ಆ ಸೌಲಭ್ಯವಿಲ್ಲ. ಕಾರ್ಖಾನೆಯಲ್ಲಿ ಹುಟ್ಟಿದ ಆಕಾರವೇ ಅದರ ಕೊನೆಯ ಆಕಾರ. ದಿನಕ್ಕೊಂದಿಷ್ಟರಂತೆ ರುಮಾಲಿಗೆ ಕೊಡುವ ಗಮನವನ್ನೆಲ್ಲ ಅಂಗಡಿಯಲ್ಲಿ ಒಂದೇ ಸಲಕ್ಕೆ ಕೊಟ್ಟುಬಿಡಬೇಕು. ಹುಬ್ಬಿನಿಂದ ಬೆರಳಗಲ ಮೇಲೆ, ಹಿಂದಲೆಯ ಉಬ್ಬನ್ನು ಬಳಸಿ ಟೇಪು ಸುತ್ತಿದರೆ ಒಂದು ಅಂಕಿ ಸಿಗುತ್ತದೆ. ಆದರೆ ಅಂಕಿ ಒಂದೇ ಆದರೂ ತಲೆ ಒಂದೇ ಅಲ್ಲ. ಕೆಲವರದು ದುಂಡು, ಕೆಲವರದು ಉದ್ದ. ದುಂಡುತಲೆಯವರು ಉದ್ದ ಅಚ್ಚಿನ ಹೆಲ್ಮೆಟ್ ಹಾಕಿದರೆ ಕಿವಿಯ ಮೇಲ್ಭಾಗ ಒತ್ತುತ್ತದೆ; ಉದ್ದ ತಲೆಯವರು ದುಂಡಚ್ಚಿನದು ಹಾಕಿದರೆ ಹಣೆ ನೋಯುತ್ತದೆ. ಹಾಗಾಗಿ ಹಾಕಿಕೊಂಡು ಹದಿನೈದಿಪ್ಪತ್ತು ನಿಮಿಷ ಸುಮ್ಮನೆ ಕೂರಬೇಕು. ಅಂಗಡಿಯವನ ಜೊತೆ ಮಳೆ, ತೊಗರಿಯ ಧಾರಣೆ, ಮಕ್ಕಳ ಶಾಲೆ ಎಲ್ಲ ಮಾತಾಡಬಹುದು. ತೆಗೆದಾಗ ಹಣೆಯ ಮೇಲೆ ಒಂದೇ ಕಡೆ ಕೆಂಪು ಗುರುತು ಬಿದ್ದಿದ್ದರೆ ಅದು ನಿಮ್ಮದಲ್ಲ, ಬೇರೆ ಯಾರದೋ.

ಹೊಸ ಹೆಲ್ಮೆಟ್ಟಿನ ಕೆನ್ನೆಮೆತ್ತೆ ಊರಿಗೆ ಬಂದ ಸೋದರತ್ತೆಯ ಹಾಗೆ ಎರಡೂ ಕೆನ್ನೆ ಹಿಂಡಬೇಕು. ಆ ಹಿಂಡಾಟ ಒಳ್ಳೆಯದು, ದಿನ ಹೋದಂತೆ ಸಡಲುತ್ತದೆ. ಮೊದಲ ದಿನವೇ ಹಾಯೆನಿಸಿದ್ದು ಆರು ತಿಂಗಳಿಗೆ ಲೊಡಲೊಡ ಎನ್ನುತ್ತದೆ. ಅತ್ತಿತ್ತ ಅಲ್ಲಾಡಿಸಿದಾಗ ಹೆಲ್ಮೆಟ್ಟಿನ ಜೊತೆ ಹಣೆಯ ಚರ್ಮವೂ ಜರುಗಬೇಕು. ಪಟ್ಟಿ ಕಟ್ಟಿ, ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಿದರೆ ಕಳಚಿ ಬರಬಾರದು. ಇನ್ನು ಐಎಸ್‌ಐ ಗುರುತು. 2021ರ ಜೂನ್ 1ರಿಂದ ಅದಿಲ್ಲದ ಹೆಲ್ಮೆಟ್ ಮಾರುವಂತೆಯೇ ಇಲ್ಲ.

ಬಿಗಿಯ ಬಗ್ಗೆ ಇಷ್ಟೇಕೆ ಹೇಳುತ್ತೇನೆಂದರೆ, ಒಳಗಿನ ಥರ್ಮೊಕೋಲ್ ಪದರ ತಾನು ಜಜ್ಜಿಹೋಗಿ ಪೆಟ್ಟನ್ನು ನುಂಗಬೇಕು. ತಲೆಗೆ ಅಂಟಿಕೊಂಡಿದ್ದರೆ ತಾನೇ ನುಂಗುವುದು? 1935ರ ಮೇ ತಿಂಗಳಲ್ಲಿ ‘ಅರೇಬಿಯಾದ ಲಾರೆನ್ಸ್’ ಎಂದೇ ಹೆಸರಾದ ಬ್ರಿಟಿಷ್ ಸೇನಾಧಿಕಾರಿ ಬೈಕಿನಿಂದ ಬಿದ್ದು ಆರನೆಯ ದಿನ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳು ಶಸ್ತ್ರಚಿಕಿತ್ಸಕನೂ ಇದ್ದ. ಆ ಸಾವು ಅವನ ಮನಸ್ಸಿನಿಂದ ಹೋಗಲಿಲ್ಲ. ಬೈಕ್ ಸವಾರರ ತಲೆಪೆಟ್ಟುಗಳನ್ನು ಅಭ್ಯಾಸ ಮಾಡಿ 1941ರಲ್ಲಿ ಪ್ರಕಟಿಸಿದ. ಇವತ್ತು ಜಗತ್ತಿನ ತಲೆಗಳ ಮೇಲೆ ಕೂತ ಹೆಲ್ಮೆಟ್ಟುಗಳ ಹಿಂದೆ ಆ ವೈದ್ಯನ ಸಂಕಟವೂ ಇದೆ.

ನಮ್ಮಲ್ಲೊಂದು ರೂಢಿಯುಂಟು. ಮೇ ತಿಂಗಳಲ್ಲಿ ಬಿಸಿಲು 43–44 ಡಿಗ್ರಿಗೆ ಏರಿದಾಗ ದಪ್ಪ ಟವೆಲ್ಲನ್ನು ತಲೆಗೆ ಸುತ್ತಿ, ಅದರ ಮೇಲೆ ಹೆಲ್ಮೆಟ್ ಇಡುವುದು. ಝಳಕ್ಕೆ ಒಳ್ಳೆಯದೇ. ಆದರೆ ಆರಿಸಿ ತಂದ ಅಳತೆಯೆಲ್ಲ ಕೆಟ್ಟಿತಲ್ಲ! ತೆಳ್ಳನೆಯ ಹತ್ತಿ ಟೋಪಿ ಸಾಕು. ಅದನ್ನು ಒದ್ದೆ ಮಾಡಿ ಹಾಕಿದರೆ ಇನ್ನೂ ಸೊಗಸು. ಈ ಸೀಮೆಯ ಒಣಹವೆ ನೀರನ್ನು ಬೇಗ ಕುಡಿಯುತ್ತದೆ, ಕುಡಿಯುವಾಗ ತಂಪು ಮಾಡುತ್ತದೆ. ಜಾಲರಿ ಜಾಕೆಟ್ಟಿನೊಳಗೆ ಒದ್ದೆ ಬನಿಯನ್ ಹಾಕಿಕೊಂಡು ಸೇಡಂ ದಾರಿಯಲ್ಲಿ ಹೋಗಿ ನೋಡಿ. ಮಂಗಳೂರಿನ ಬೆವರುಹವೆಯಲ್ಲಿ ಈ ಸುಖ ಸಿಗದು.

ಜಾಕೆಟ್ಟಿನದು ಬೇರೆಯೇ ಕಥೆ. ಅಂಗಡಿಯಲ್ಲಿ ನೆಟ್ಟಗೆ ನಿಂತು ನೋಡುವುದು ಕನ್ನಡಿಯಳತೆ. ನಮಗೆ ಬೇಕಾದ್ದು ಸವಾರಿಯಳತೆ. ಹಾಕಿಕೊಂಡವರೇ ಹೊರಗೆ ನಿಂತ ನಿಮ್ಮ ಗಾಡಿಯ ಮೇಲೆ ಹೋಗಿ ಕೂತು ಹ್ಯಾಂಡಲ್ ಹಿಡಿಯಿರಿ. ತೋಳು ಮುಂದಕ್ಕೆ ಚಾಚಿದೊಡನೆ ಮಣಿಕಟ್ಟು ಬರಿದಾಗುತ್ತದೆ, ಬೆನ್ನ ಕೆಳಗಿನ ಅಂಚು ಮೇಲೇರುತ್ತದೆ. ಮೊಣಕೈಯ ಗಟ್ಟಿ ಬಿಲ್ಲೆ ಮೊಣಕೈ ಮೇಲೇ ಇದೆಯೋ, ಜಾರಿ ಪಕ್ಕಕ್ಕೆ ಹೋಯಿತೋ? ಸಡಿಲ ತೋಳಿನಲ್ಲಿ ಆ ಬಿಲ್ಲೆ ಬೀಳುವ ಹೊತ್ತಿಗೆ ಎಲ್ಲೋ ತಿರುಗಿರುತ್ತದೆ. ಪ್ಯಾಂಟಿನ ಮೊಣಕಾಲಿಗೂ ಇದೇ ಪರೀಕ್ಷೆ. ಈ ಗುಟ್ಟು ಲಂಬಾಣಿ ತಾಂಡಾದ ಹಿರಿಯ ಹೆಣ್ಣುಮಕ್ಕಳಿಗೆ ಹೊಸದಲ್ಲ. ತಾವೇ ಕೂತು ಕನ್ನಡಿ ಚೂರು ಕೂಡಿಸಿ ಹೊಲಿಯುವ ಕಾಂಚಳಿ ಎಂಬ ರವಿಕೆ, ನೀರು ಹೊತ್ತರೂ ಸೌದೆ ಹೊತ್ತರೂ ತೋಳು ಹಿಡಿಯುವುದಿಲ್ಲ. ಕೆಲಸ ಮಾಡುವ ಮೈಗೆ ಹೊಲಿದದ್ದು ಅದು.

ಬೂಟು, ಕೈಗವಸಿನ ಮಾತು ಬೇಗ ಮುಗಿಸುತ್ತೇನೆ. ಗವಸು ಹಾಕಿ ಬ್ರೇಕು ಒತ್ತಿದಾಗ ಬೆರಳ ತುದಿ ಒತ್ತಿಕೊಳ್ಳಬಾರದು. ಹೆಜ್ಜೆ ಎತ್ತಿದಾಗ ಬೂಟಿನೊಳಗೆ ಹಿಮ್ಮಡಿ ಮೇಲೇಳಬಾರದು. ವಾಡಿ, ಶಹಾಬಾದಿನ ಬಿಳಿ ಧೂಳನ್ನು ಒರೆಸಿದರೆ ಹೋಗುತ್ತದೆ. ಎರೆಮಣ್ಣು ಮಾತ್ರ ಮಳೆಯಲ್ಲಿ ಬೂಟನ್ನೇ ಕೇಳುತ್ತದೆ, ಸಡಿಲಿದ್ದರೆ ಇಟ್ಟುಕೊಂಡೇಬಿಡುತ್ತದೆ.

ಇಷ್ಟೆಲ್ಲ ಆರಿಸಿದ ಮೇಲೂ ಹಿಂದೆ ಕೂರುವವರಿಗೆ ಮನೆಯಲ್ಲಿದ್ದ ಯಾವುದೋ ಹಳೆಯ ಹೆಲ್ಮೆಟ್ ಕೊಡುತ್ತೇವೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿಯವರಿಗೂ ಅದು ಕಡ್ಡಾಯ. ಅಳತೆ ಮಾತ್ರ ಪೊಲೀಸರು ಕೇಳುವುದಿಲ್ಲ. ನಾವೇ ಕೇಳಿಕೊಳ್ಳಬೇಕು. ಮನೆಯಾಕೆಗೊಂದು ಹೆಲ್ಮೆಟ್ ಕೊಡಿ ಎಂದು ಒಬ್ಬನೇ ಬಂದ ಗಿರಾಕಿಗೆ ಅಂಗಡಿಯಾತ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ: "ತಲಿ ತರದ ಟೋಪಿ ಹ್ಯಾಂಗ್ ಕೊಡ್ಲಿರೀ? ನಾಳಿ ಅಕ್ಕಾರನ್ನೂ ಕರಕೊಂಡು ಬರ್ರಿ. ಬಣ್ಣನೂ ಅವ್ರೇ ಆರಿಸ್ಲಿ."