ಮಲಗುವವರಿಗೆ ಮಾತ್ರ ಲಾಟರಿ

ಸಿಯಾಟಲ್ ಸುತ್ತಮುತ್ತ ನೆಲೆಸಿರುವ ನಮ್ಮಂಥವರಿಗೆ ಫೆಬ್ರವರಿ ಬಂತೆಂದರೆ ಒಂದು ಚಡಪಡಿಕೆ. ಕ್ಯಾಸ್ಕೇಡ್ ಬೆಟ್ಟಗಳಲ್ಲಿ ಎನ್‌ಚಾಂಟ್‌ಮೆಂಟ್ಸ್ ಎಂಬ ಸರೋವರಗಳ ಸಾಲಿದೆ. ಅಲ್ಲಿ ಬೇಸಿಗೆಯ ಒಂದು ರಾತ್ರಿ ಡೇರೆ ಹಾಕಬೇಕಾದರೆ ಅರಣ್ಯ ಇಲಾಖೆಯ ಲಾಟರಿಯಲ್ಲಿ ಹೆಸರು ಬರಬೇಕು. ಬರುವುದಿಲ್ಲ. ಆದರೆ ಮಲಗುವ ಆಸೆ ಬಿಟ್ಟು, ಈ ಬದಿಯಿಂದ ಹತ್ತಿ ಆ ಬದಿಗೆ ಒಂದೇ ದಿನದಲ್ಲಿ ಇಳಿದುಬಿಡುತ್ತೇನೆ ಎನ್ನುವವನಿಗೆ ಲಾಟರಿಯೂ ಇಲ್ಲ, ದುಡ್ಡೂ ಇಲ್ಲ. ದಾರಿಯ ಬಾಯಲ್ಲಿರುವ ಚೀಟಿಯನ್ನು ತಾನೇ ತುಂಬಿಕೊಂಡು ಹೊರಟರಾಯಿತು. ನಿದ್ದೆ ಮಾಡುವವರ ಮೇಲೆ ಸರ್ಕಾರಕ್ಕೆ ಇಷ್ಟೊಂದು ಗುಮಾನಿ ಇರುವ ಜಾಗ ನಾನು ಬೇರೆ ಕಂಡಿಲ್ಲ.

ಸುಮಾರು 30 ಕಿಲೋಮೀಟರ್ ನಡಿಗೆ. ಒಂದು ಕಾರನ್ನು ಇಳಿಯುವ ಕಡೆ ಬಿಟ್ಟು, ಇನ್ನೊಂದರಲ್ಲಿ ಹತ್ತುವ ಕಡೆಗೆ ಹೋಗಿ, ಕತ್ತಲಲ್ಲೇ ಹೊರಟೆವು. ಮೊದಲು ಸಿಗುವುದು ಕೋಲ್ಚಕ್ ಸರೋವರ. ಮೇಲಿನ ಹಿಮನದಿ ಬಂಡೆಯನ್ನು ಅರೆದು ಅರೆದು ಕಳಿಸುವ ನುಣುಪು ಪುಡಿ ನೀರಿನಲ್ಲಿ ತೇಲುವುದರಿಂದ ಅದಕ್ಕೆ ನವಿಲಿನ ಕೊರಳಿನ ಬಣ್ಣ. ನೋಡುತ್ತ ಕೂರುವಂತಿಲ್ಲ. ಎದುರಿಗೇ ಆಸ್‌ಗಾರ್ಡ್ ಕಣಿವೆದಾರಿ ನಿಂತಿರುತ್ತದೆ, ಮುಕ್ಕಾಲು ಮೈಲಿಯಲ್ಲಿ ಸುಮಾರು 2,200 ಅಡಿ ಏರಿಸುವ ಕಲ್ಲುರಾಶಿ. ಬಿಲ್ ಮತ್ತು ಪೆಗ್ ಸ್ಟಾರ್ಕ್ ಎಂಬ ದಂಪತಿ 1959ರ ನಂತರ ಇಲ್ಲಿಗೆ ಮತ್ತೆ ಮತ್ತೆ ಬಂದು, ಉತ್ತರ ಯುರೋಪಿನ ಪುರಾಣಗಳಿಂದ ಹೆಸರು ತಂದು ಇಟ್ಟರು. ಆಸ್‌ಗಾರ್ಡ್ ಎಂದರೆ ಆ ಪುರಾಣದ ದೇವತೆಗಳ ಊರು. ಊರು ಸರಿ, ದೇವತೆಗಳಿಗೆ ಮೆಟ್ಟಿಲು ಕಟ್ಟಿಸುವ ಬುದ್ಧಿ ಬರಲಿಲ್ಲ.

ಹತ್ತಿ ಮುಗಿಸಿದರೆ ಸ್ವಾಗತಕ್ಕೆ ಬರುವುದು ದೇವತೆಗಳಲ್ಲ, ಬಿಳಿ ಮೇಕೆಗಳು. ಉದ್ದ ಕೂದಲು, ಗಡ್ಡ, ಯಾವುದೋ ಮಠದಿಂದ ಎದ್ದು ಬಂದಂಥ ಗಾಂಭೀರ್ಯ. ಅವಕ್ಕೆ ಬೇಕಾದದ್ದು ಉಪ್ಪು. ಬೆಟ್ಟದಲ್ಲಿ ಉಪ್ಪು ದುರ್ಲಭ, ಮನುಷ್ಯನಲ್ಲಿ ಧಾರಾಳ. ಬೆವರು ಕುಡಿದ ಚೀಲದ ಪಟ್ಟಿ ಸಿಕ್ಕಿದರೆ ಅಗಿಯುತ್ತವೆ. ಮೂತ್ರ ಬಿದ್ದ ಜಾಗವನ್ನು ಗೊರಸಿನಿಂದ ಕೆದರಿ ನೆಕ್ಕುತ್ತವೆ. ಆ ಎತ್ತರದಲ್ಲಿ ಒಂದು ಹಿಡಿ ಹಸಿರು ಬೇರೂರಲು ವರ್ಷಗಳೇ ಬೇಕು, ಆದ್ದರಿಂದ ಗಿಡಗಳ ಮೇಲೆ ಬೇಡ, ಬರಿ ಬಂಡೆಯ ಮೇಲೆ ಮಾಡಿ ಎಂಬ ಬುದ್ಧಿಮಾತು ಇಲ್ಲಿದೆ. ನಮ್ಮ ಜೊತೆಗಿದ್ದ ಪುತ್ತೂರಿನ ಗೆಳೆಯರು ಬಂಡೆಯೊಂದರ ಮರೆಗೆ ಹೋದವರು ಅರೆಗಳಿಗೆಯಲ್ಲಿ ಓಡಿ ಬಂದರು.

“ಅದು ಎದುರಿಗೇ ನಿಂತು ಕಾಯ್ತಾ ಉಂಟು ಮಾರಾಯ್ರೆ!”

“ಪಾಪ, ಇಷ್ಟು ತಾಳ್ಮೆಯಿಂದ ನಿಮಗಾಗಿ ಯಾರು ಕಾದಾರು?” ಎಂದೆ. ಅವರು ನಗಲಿಲ್ಲ.

ಮುಂದೆ ಕೆರೆಗೆ ಕೆರೆ ತಗುಲಿಕೊಂಡೇ ಬರುತ್ತದೆ. ಒಂದರ ಕೋಡಿ ಇನ್ನೊಂದರ ಬಾಯಿಗೆ. ಸೆಪ್ಟೆಂಬರ್ ಕೊನೆಯಾದ್ದರಿಂದ ದಡದ ಲಾರ್ಚ್ ಮರಗಳು ಹಳದಿಗೆ ತಿರುಗಿದ್ದವು. ಸೂಜಿ ಎಲೆಯ ಮರವಾಗಿಯೂ ಎಲೆ ಉದುರಿಸುವ ಅಪರೂಪದ ಜಾತಿ ಇದು. ಪುಳಿಯೋಗರೆಯನ್ನು ನಿಂತೇ ತಿಂದೆವು. ದಿನದ ಚೀಟಿಯವರ ಹಣೆಬರಹವೇ ಅದು, ಎಲ್ಲವನ್ನೂ ನೋಡಬಹುದು, ಯಾವುದರ ಪಕ್ಕದಲ್ಲೂ ಕೂರುವಂತಿಲ್ಲ.

ಆಮೇಲೆ ಇಳಿತ. 7,800 ಅಡಿಯಿಂದ 1,300 ಅಡಿಗೆ. ಇಡೀ ಮುಳ್ಳಯ್ಯನಗಿರಿಯನ್ನು ಸಮುದ್ರಮಟ್ಟದವರೆಗೆ ಇಳಿದರೂ ಇಷ್ಟಾಗುವುದಿಲ್ಲ. ಸ್ನೋ ಸರೋವರಗಳ ಹತ್ತಿರ ಗೆಳೆಯರು ಮಂಡಿ ಹಿಡಿದು ಕೂತರು. ಅವರ ಗಮನ ಬೇರೆಡೆ ಸೆಳೆಯಲು ಆ ನೀರಿನ ಕತೆ ಹೇಳಿದೆ. ಕೊಲಂಬಿಯಾ ನದಿಗೆ ಗ್ರ್ಯಾಂಡ್ ಕೂಲಿ ಅಣೆಕಟ್ಟು ಕಟ್ಟಿ ಸಾಲ್ಮನ್ ಮೀನುಗಳ ದಾರಿ ಮುಚ್ಚಿದಾಗ, ಪರಿಹಾರವೆಂದು ಕೆಳಗಿನ ಲೆವನ್‌ವರ್ತ್‌ನಲ್ಲಿ ಮೀನುಮರಿ ಕೇಂದ್ರ ತೆರೆದರು. ಬೇಸಿಗೆಯ ಕೊನೆಗೆ ಹೊಳೆ ಸೊರಗಿ ಬೆಚ್ಚಗಾದಾಗ ಮರಿಗಳಿಗೆ ತಣ್ಣೀರು ಬೇಕಲ್ಲ, ಅದಕ್ಕೆ ಈ ಸರೋವರದ ಅಡಿಗೆ ಬಂಡೆ ಕೊರೆದು ಸುರಂಗ ಮಾಡಿ ಕವಾಟ ಕೂರಿಸಿದ್ದಾರೆ. ದೇವತೆಗಳ ಊರಿಗೂ ನಲ್ಲಿ.

ಇನ್ನೂ ಆರು ಮೈಲಿ ಇಳಿಜಾರು ಉಳಿದಿತ್ತು. ಗೆಳೆಯರು ಸ್ವಲ್ಪ ಯೋಚಿಸಿ ಕೇಳಿದರು: “ಆ ಸುರಂಗದಲ್ಲಿ ಮನುಷ್ಯರನ್ನು ಬಿಡುವುದಿಲ್ಲವಾ?”