ಮಾತು ಕಳೆದುಕೊಂಡ ಕಳ್ಳ

ಅಮೆರಿಕದ ಮಿಲ್ವಾಕಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗಿನ ಮಾತು. ಬೆಳಿಗ್ಗೆ ಶುರುವಾದ ಹಿಮ ಸಂಜೆಯಾದರೂ ನಿಲ್ಲಲಿಲ್ಲ. ಕತ್ತಲಾಗುವ ಹೊತ್ತಿಗೆ ಕರೆಂಟೂ ಹೋಯಿತು, ಮನೆ ತಣ್ಣಗಾಗತೊಡಗಿತು. ಎದುರು ಮನೆಯ ನಿವೃತ್ತ ಮೇಷ್ಟ್ರು ಫೋನ್ ಮಾಡಿ, ನಮ್ಮಲ್ಲಿ ಸೌದೆ ಉರಿಸುವ ಅಗ್ಗಿಷ್ಟಿಕೆ ಇದೆ, ಎಲ್ಲರೂ ಬಂದುಬಿಡಿ ಎಂದರು. ಅಕ್ಕ ಚಕ್ಕುಲಿ ಡಬ್ಬಿ ತೆಗೆದುಕೊಂಡಳು, ಭಾವ ಟಾರ್ಚು ಹಿಡಿದರು, ನಾನು ಮಕ್ಕಳಿಬ್ಬರ ಕೈ ಹಿಡಿದು ರಸ್ತೆ ದಾಟಿಸಿದೆ.

ಕೈಕಾಲು ಬೆಚ್ಚಗಾದ ಮೇಲೆ ಮಕ್ಕಳಿಗೆ ಬೇಜಾರು ಶುರುವಾಯಿತು. ಮೇಷ್ಟ್ರು ಒಳಗೆ ಹೋಗಿ, ಮೂಲೆ ಹರಿದ ಒಂದು ರಟ್ಟಿನ ಪೆಟ್ಟಿಗೆ ತಂದು ಬೆಂಕಿಯ ಮುಂದಿಟ್ಟರು. ಮುಚ್ಚಳದ ಮೇಲೆ ನಿಧಿ ಕಾಯುತ್ತಿರುವ ಡ್ರ್ಯಾಗನ್. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವನ್ನು ಹೊಸಬರಿಗೆ ಕಲಿಸಲೆಂದೇ ತಂದ ಪೆಟ್ಟಿಗೆ ಅದು.

ಆ ಆಟ ಹುಟ್ಟಿದ್ದು ಅಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿಯ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮೂರು ಪುಟ್ಟ ಪುಸ್ತಿಕೆಗಳನ್ನು ಪೆಟ್ಟಿಗೆಗೆ ಹಾಕಿ 10 ಡಾಲರಿಗೆ ಮಾರಿದರು. ಮೊದಲ ಮುದ್ರಣ 1000 ಪ್ರತಿ. ಒಬ್ಬರು ಕಥೆ ನಡೆಸುವುದು, ಉಳಿದವರು ಒಂದೊಂದು ಪಾತ್ರವಾಗಿ ಏನು ಮಾಡುತ್ತೇವೆಂದು ಹೇಳುವುದು, ಗೆಲುವೋ ಸೋಲೋ ಎಂಬುದನ್ನು ದಾಳ ತೀರ್ಮಾನಿಸುವುದು. ಆಟ ಇಷ್ಟೇ. ಆದರೆ ಆ ಪುಸ್ತಿಕೆಗಳನ್ನು ಓದಿ ಅರ್ಥಮಾಡಿಕೊಳ್ಳುವುದು ಹೊಸಬರಿಗೆ ಕಬ್ಬಿಣದ ಕಡಲೆಯಾಗಿತ್ತು. ಎರಿಕ್ ಹೋಮ್ಸ್ ಎಂಬ ನರವಿಜ್ಞಾನದ ಪ್ರಾಧ್ಯಾಪಕರು, ಮೊದಲ ಸಲ ಆಡುವವರಿಗೆ ತಕ್ಕಂತೆ ನಾನೇ ತಿದ್ದಿಕೊಡುತ್ತೇನೆಂದು ಪುಸ್ತಿಕೆ ಪ್ರಕಟಿಸಿದ ಕಂಪನಿಗೆ ತಾವಾಗಿಯೇ ಹೇಳಿದರಂತೆ. ಹಾಗೆ 1977ರಲ್ಲಿ ಮೊದಲ ಸಲ ಬಂದದ್ದು ಈ ಪೆಟ್ಟಿಗೆ.

ಮೇಷ್ಟ್ರ ಪೆಟ್ಟಿಗೆಯಲ್ಲಿ ದಾಳವೇ ಇರಲಿಲ್ಲ! ಅಂಕಿ ಬರೆದ, ಚೌಕವಾಗಿ ಕತ್ತರಿಸಿದ ರಟ್ಟಿನ ಚೀಟಿಗಳಿದ್ದವು. 1979ರ ಹೊತ್ತಿಗೆ ಆಟಕ್ಕೆ ಎಷ್ಟು ಬೇಡಿಕೆ ಬಂತೆಂದರೆ ದಾಳಗಳೇ ಸಾಲದೆ ಹೋದವು. ಕಂಪನಿಯವರು ಕತ್ತರಿಸಿಕೊಳ್ಳುವ ಅಂಕಿಯ ಹಾಳೆ ಹಾಕಿ ಕಳಿಸಿದರು. ಲೋಟಕ್ಕೆ ಹಾಕಿ, ಕುಲುಕಿ, ಕಣ್ಣುಮುಚ್ಚಿ ಒಂದು ಎತ್ತಿದರಾಯಿತು. ಮೇಷ್ಟ್ರು ಟೀ ಕಪ್ಪು ತಂದರು.

ಜೊತೆಗಿದ್ದದ್ದು ಮೈಕ್ ಕಾರ್ ಬರೆದ ‘ಇನ್ ಸರ್ಚ್ ಆಫ್ ದಿ ಅನ್‌ನೋನ್’ ಎಂಬ 32 ಪುಟದ ಸಾಹಸಕಥೆ. ನನ್ನ ಮನಸ್ಸನ್ನು ಹಿಡಿದದ್ದು ಅದೇ. ಒಬ್ಬ ವೀರ, ಒಬ್ಬ ಮಾಂತ್ರಿಕ ಸೇರಿ ಕಟ್ಟಿ, ಈಗ ಪಾಳುಬಿದ್ದಿರುವ ನೆಲದಡಿಯ ಕೋಟೆ. ಕೋಣೆ ಕೋಣೆಯ ವಿವರವೂ ಇದೆ. ಆದರೆ ವಿವರದ ಕೊನೆಗೆ ‘ಪ್ರಾಣಿ’ ಎಂದು ಬರೆದು ಮುಂದೆ ಖಾಲಿ ಗೆರೆ. ‘ನಿಧಿ’ ಎಂದು ಬರೆದು ಮತ್ತೆ ಖಾಲಿ ಗೆರೆ. ಪುಸ್ತಕದ ಹಿಂಭಾಗದ ಪಟ್ಟಿಯಿಂದ ಆರಿಸಿ, ಆಟ ನಡೆಸುವವರೇ ತುಂಬಬೇಕು. ಮೇಷ್ಟ್ರ ಪ್ರತಿಯಲ್ಲಿ ಆ ಗೆರೆಗಳ ಮೇಲೆ ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಕಾಗದ ತೆಳ್ಳಗಾಗಿ ಬೆಂಕಿಯ ಬೆಳಕು ಆಚೆಯಿಂದ ಕಾಣುತ್ತಿತ್ತು. ಶಾಲೆಯ ಲೈಬ್ರರಿಯಲ್ಲಿ ಅವರು ತಲೆಮಾರುಗಟ್ಟಲೆ ಮಕ್ಕಳಿಗೆ ಇದೊಂದೇ ಪುಸ್ತಿಕೆಯಿಂದ ಆಡಿಸಿದ್ದರು.

ಆಟ ಶುರುವಾಯಿತು. ಪುಟ್ಟಿ ಯೋಧೆ, ಅವಳ ತಮ್ಮ ಕಳ್ಳ, ಭಾವ ಮಂತ್ರವಾದಿ, ನಾನು ಅರ್ಚಕ. ಅಕ್ಕ ನೋಡುತ್ತೇನಷ್ಟೇ ಎಂದಳು. ಕೋಟೆಯೊಳಗೆ ಕಾಲಿಟ್ಟು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಎರಡೂ ಬದಿಯ ಗೋಡೆಯಲ್ಲಿ ಬಾಯಿಗಳು ಮೂಡಿ, ನಮ್ಮನ್ನು ಗದರಿಸಿ, ನಕ್ಕು ಮಾಯವಾದವು. ಯಾರಿಗೂ ಏನೂ ಆಗಲಿಲ್ಲ. ಆದರೂ ಇದು ಮಾಯೆಯ ಜಾಗ, ಕಿವಿ ತೆರೆದುಕೊಂಡು ನಡೆಯಬೇಕು ಎಂಬುದು ಮಕ್ಕಳಿಗೆ ತಾನಾಗಿಯೇ ತಿಳಿಯಿತು. ನಿಯಮದ ಒಂದು ಸಾಲನ್ನೂ ಓದದೆ!

ಆಮೇಲೆ ಕೊಳಗಳ ಕೋಣೆ. ಒಂದೇ ಕೋಣೆಯಲ್ಲಿ ಹದಿನಾಲ್ಕು ಕೊಳ. ಒಂದರಲ್ಲಿ ಗಾಯ ವಾಸಿ ಮಾಡುವ ನೀರು, ಒಂದರಲ್ಲಿ ಆಮ್ಲ, ಒಂದರಲ್ಲಿ ದ್ರಾಕ್ಷಾರಸ, ಒಂದರಲ್ಲಿ ಬರೀ ಮೀನು. ಹಲವು ಏನೆಂದು ಹೊರಗಿನಿಂದ ತಿಳಿಯುವುದಿಲ್ಲ. ಪುಟ್ಟಿ ಕೋಲು ಅದ್ದಿ ನೋಡಿದಳು, ನಾಣ್ಯ ಹಾಕಿ ನೋಡಿದಳು. ತಮ್ಮನಿಗೆ ಅಷ್ಟು ತಾಳ್ಮೆಯೆಲ್ಲಿ? “ನಾನು ಕುಡಿದೇಬಿಟ್ಟೆ” ಎಂದ.

ಅದು ಮಾತು ಕಸಿಯುವ ಕೊಳ. ಮೇಷ್ಟ್ರು ಕಪ್ಪು ಅವನ ಮುಂದೆ ಹಿಡಿದರು. ನಾಲ್ಕು ಬಂತು. ಕಥೆಯಲ್ಲಿ ನಾಲ್ಕು ಗಂಟೆ ನಿನಗೆ ಮಾತಿಲ್ಲ ಎಂದರು.

“ಮಾಮ, ನಿಜವಾಗ್ಲೂ ಮಾತಾಡಬಾರದಾ?”

“ಆಟ ಅಂದಮೇಲೆ ಆಟ ಕಣೋ.”

ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಮುಂದಿನ ಕೋಣೆಗೆ ಕಳ್ಳನೇ ಮೊದಲು ಹೋಗಬೇಕಿತ್ತು. ಮೇಷ್ಟ್ರು ಅವನ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಹುಡುಗ ಕಣ್ಣರಳಿಸಿ ಹಿಂದಿರುಗಿ, ಹತ್ತೂ ಬೆರಳುಗಳನ್ನು ತಲೆಯ ಮೇಲೆ ಆಡಿಸತೊಡಗಿದ. ಭಾವ, ಮಳೆ ಬರ್ತಿದೆಯೇನೋ ಎಂದರು. ಅಕ್ಕ, ಪಾಪ, ಮಗೂಗೆ ಚಕ್ಕುಲಿ ಬೇಕೇನೋ ಎಂದಳು. ಅವನು ತಲೆ ಅಲ್ಲಾಡಿಸಿ, ನೆಲದ ಮೇಲೆ ಮಲಗಿ, ಕೈಕಾಲು ಬಡಿಯುತ್ತಾ ಕಂಬಳಿಯ ಮೇಲೆ ತೆವಳಿದ. “ಜರಿ! ಚಾವಣಿ ತುಂಬಾ ಜರಿ ಇದೆ ಕಣ್ರೀ, ಬಾಗಿಲು ಹಾಕ್ಕೊಳ್ಳಿ!” ಪುಟ್ಟಿ ಕಿರುಚಿದಳು. ಬಾಗಿಲು ಹಾಕಿದೆವು. ಕತ್ತಿ ಎತ್ತದೆ ನಾಲ್ವರೂ ಬದುಕಿದೆವು. ನೋಡುತ್ತೇನಷ್ಟೇ ಎಂದಿದ್ದ ಅಕ್ಕ ಅಷ್ಟರಲ್ಲಿ ತನಗೂ ಒಂದು ಪಾತ್ರ ಕೊಡಿ ಎಂದು ಮುಂದೆ ಸರಿದಿದ್ದಳು.

ಮಕ್ಕಳು ಮಲಗಿದ ಮೇಲೆ ಮೇಷ್ಟ್ರನ್ನು ಕೇಳಿದೆ: ಇಷ್ಟು ಹಳೆಯದನ್ನೇ ಏಕೆ ಆಡಿಸುತ್ತೀರಿ? ಎಲ್ಲವೂ ತುಂಬಿದ ಪುಸ್ತಕ ಕೈಯಲ್ಲಿದ್ದರೆ ನಾನು ಅದನ್ನು ಓದಿ ಹೇಳುವವನಾಗುತ್ತೇನೆ, ಖಾಲಿ ಗೆರೆ ಇದ್ದರೆ ಕಥೆ ನನ್ನದಾಗುತ್ತದೆ ಎಂದರು. ನನಗೆ ತಕ್ಷಣ ನೆನಪಾದದ್ದು ನಮ್ಮ ಕಡೆಯ ತಾಳಮದ್ದಲೆ. ಪ್ರಸಂಗದ ಪುಸ್ತಕ ತೆಳ್ಳಗೆ, ಪದ್ಯಗಳಷ್ಟೇ. ಅರ್ಥ ಹೇಳುವವರು ತಮ್ಮ ಮಾತನ್ನು ಆ ಕ್ಷಣ ಕಟ್ಟುತ್ತಾರೆ, ಒಂದು ಸಂಧಾನ ರಾತ್ರಿಯಿಡೀ ಬೆಳೆಯುತ್ತದೆ.

ಈ ಆಟವನ್ನು ಇವತ್ತು ಅಂಗಡಿಯಲ್ಲಿ ಕೊಳ್ಳಹೊರಟರೆ ಮೂರು ದಪ್ಪ ಪುಸ್ತಕ, ಒಂದೊಂದೂ ಸುಮಾರು 50 ಡಾಲರ್. ನಮ್ಮೂರಿನ ಮಕ್ಕಳು ಇದನ್ನು ಕೊಳ್ಳುವ ಮಾತೇ ಇಲ್ಲ. ಆದರೆ 2023ರ ಜನವರಿಯಲ್ಲಿ, ಈಗ ಆಟವನ್ನು ಪ್ರಕಟಿಸುವ ಕಂಪನಿ ಅದರ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಮೂಲವನ್ನು ಹೆಸರಿಸಿದರೆ ಸಾಕು, ಯಾರು ಬೇಕಾದರೂ ಅನುವಾದಿಸಬಹುದು, ಅದರ ಮೇಲೆ ಹೊಸ ಕಥೆ ಬರೆದು ಹಂಚಬಹುದು, ಮಾರಲೂಬಹುದು. ಕನ್ನಡದಲ್ಲಿ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ ಎಂದು ತಿಳಿದ ದಿನ ನಾನು ಬರೆಯಲು ಕೂತೆ.

ಬರೆಯುವ ಮೊದಲು ‘ಟೂಂಬ್ ಆಫ್ ದಿ ಸರ್ಪೆಂಟ್ ಕಿಂಗ್ಸ್’ ಎಂಬ, ಉಚಿತವಾಗಿ ಸಿಗುವ ಕಥೆಯನ್ನು ಗಮನವಿಟ್ಟು ಓದಿದೆ. ಅದರಲ್ಲಿ ಕೋಣೆಗಳು ಒಂದೊಂದು ಪಾಠ ಕಲಿಸುತ್ತವೆ, ಯಾವ ಪಾಠವೆಂದು ಆಟ ನಡೆಸುವವರಿಗೆ ಪಕ್ಕದಲ್ಲೇ ಹೇಳುತ್ತದೆ. ಹೊಸಬರಿಗಾಗಿ ಬರೆಯುವವರೆಲ್ಲ ಓದಲೇಬೇಕಾದ ಕೆಲಸ ಅದು.

ನನ್ನ ಕಥೆ ಪಾಳುಕೋಟೆಯೊಂದರದ್ದು, ಮೂರು ಹಾಳೆಯಲ್ಲಿ ಮುಗಿಯುತ್ತದೆ. ಜೆರಾಕ್ಸ್ ಖರ್ಚು ಬಿಟ್ಟು ಇನ್ನೇನೂ ಬೇಡ. ದಾಳದ ಬದಲು, ಚೌಕಾಬಾರಕ್ಕೆ ಮಾಡಿಕೊಳ್ಳುವಂತೆ ಒಂದು ಬದಿ ಬೆಳ್ಳಗಾಗುವಷ್ಟು ತೇಯ್ದ ನಾಲ್ಕು ಹುಣಸೆಬೀಜ. ಎರಡು ಅಥವಾ ಹೆಚ್ಚು ಬಿಳಿ ಬಿದ್ದರೆ ಕೆಲಸ ಕೈಗೂಡಿತು. ಬೀಜ ಎರಡೂ ಬದಿಗೆ ಸಮನಾಗಿ ಬೀಳುವುದಾದರೆ ಇದು 16ಕ್ಕೆ 11 ಸಲ ಗೆಲ್ಲುವ ಲೆಕ್ಕ. ಕಷ್ಟದ ಕೆಲಸಕ್ಕೆ ಮೂರು ಬಿಳಿ ಬೇಕು, ಆಗ 16ಕ್ಕೆ 5. ಮೊದಲ ಬಾರಿಗೆ ಆಡುವವರು ಸಾಮಾನ್ಯ ಕೆಲಸಗಳಲ್ಲಿ ಸೋಲಿಗಿಂತ ಗೆಲುವನ್ನೇ ಹೆಚ್ಚು ಸಲ ಕಾಣಲಿ ಎಂದು ಬೇಕೆಂದೇ ಹಾಗಿಟ್ಟೆ. ಪಾತ್ರಗಳು ಸಿದ್ಧವಾಗಿವೆ, ಕಾಲು ಹಾಳೆಗೊಂದು: ನಾಟಿ ವೈದ್ಯೆ, ದೋಣಿ ನಡೆಸುವವಳು, ಗೊಂಬೆಯಾಟದವ, ಬೇಟೆಗಾರ. ಪ್ರತಿಯೊಬ್ಬರಿಗೂ ಒಂದು ಬಲ, ಒಂದು ಭಯ. ಗಟ್ಟಿಯಾಗಿ ಓದಿ ಹೇಳಬೇಕಾದ್ದು ಯಾವ ಕೋಣೆಯಲ್ಲೂ ಮೂರು ಸಾಲು ಮೀರುವುದಿಲ್ಲ. ಮೊದಲ ಬಾಗಿಲು ಹೆದರಿಸುತ್ತದೆ, ಕೊಲ್ಲುವುದಿಲ್ಲ. ಮೂರನೆಯ ಹಾಳೆಯ ಕೋಣೆಗಳಲ್ಲಿ ಗೆರೆಗಳು ಖಾಲಿ.

ಸಾಗರದ ಹತ್ತಿರದ ನಮ್ಮೂರಿನ ಪಂಚಾಯಿತಿ ಲೈಬ್ರರಿಯಲ್ಲಿ ಬೇಸಿಗೆ ರಜೆಗೆ ಮಕ್ಕಳು ಸೇರಿದ್ದಾಗ ಆಡಿಸಿದೆ. ಮುಗಿದ ಮೇಲೆ ಒಬ್ಬಳು ಹುಡುಗಿ ಹಾಳೆಗಳನ್ನು ಮನೆಗೆ ಒಯ್ದಳು. ಮರುದಿನ ನಾನು ಹೋಗುವಷ್ಟರಲ್ಲಿ ಅವಳೇ ನಡುವೆ ಕೂತು ಆಡಿಸುತ್ತಿದ್ದಳು. ಖಾಲಿ ಗೆರೆಯ ಮೇಲೆ ‘ಅಜ್ಜನ ದೆವ್ವ, ಎಲೆಯಡಿಕೆ ಕೊಟ್ಟರೆ ದಾರಿ ಬಿಡುತ್ತೆ’ ಎಂದು ಬರೆದಿದ್ದಳು. ಎಲೆ ಇದೆ, ಅಡಿಕೆ ಇಲ್ಲ, ಏನು ಮಾಡೋದು ಎಂದು ಒಬ್ಬ ಹುಡುಗ ವಾದಕ್ಕಿಳಿದಿದ್ದ. ಹುಡುಗಿ ಒಂದು ಗಳಿಗೆ ಯೋಚಿಸಿದಳು.

“ಸುಣ್ಣ ಆದ್ರೂ ಇದ್ಯೇನೋ? ಬೀಜ ಹಾಕು, ನೋಡೋಣ.”