ಸೈರಂಧ್ರಿಯ ಸಿಂಗಾರ

ಸೋದರಿಯರೇ, ನಿಮ್ಮ ತಲೆಯನ್ನು ಇನ್ನೊಬ್ಬರು ಬಾಚಿ, ಮುಖಕ್ಕೆ ಬಣ್ಣ ಹಚ್ಚಿ, ಸೀರೆಯ ನೆರಿಗೆ ಹಿಡಿದು ಸಿಂಗರಿಸಿದ್ದು ಕೊನೆಯ ಸಲ ಯಾವಾಗ, ಸ್ವಲ್ಪ ನೆನಪು ಮಾಡಿಕೊಳ್ಳಿ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಮದುವೆಯ ದಿನ, ಇಲ್ಲವೇ ಸೀಮಂತದ ದಿನ. ಆಮೇಲೆ ಏನಿದ್ದರೂ ಮಗಳ ಜಡೆ, ನಾದಿನಿಯ ಮದುವೆ, ಹಬ್ಬಕ್ಕೆ ಗೌರಿಯ ಅಲಂಕಾರ. ನಮ್ಮ ಕೈ ಬೇರೆಯವರನ್ನು ಸಿಂಗರಿಸುತ್ತಲೇ ಇರುತ್ತೆ, ನಾವು ಮಾತ್ರ ಒಲೆ ಆರಿಸಿ ಅವಸರದಲ್ಲಿ ಸೀರೆ ಸುತ್ತಿಕೊಂಡು ಹೊರಡುತ್ತೇವೆ.

ಈ ಮಾತು ಯಾಕೆ ಬಂತು ಅಂದರೆ, ನನ್ನ ಅಕ್ಕನ ಮಗಳು 2023ರ ಏಪ್ರಿಲ್‌ನಲ್ಲಿ ಕಚೇರಿ ಕೆಲಸದ ಮೇಲೆ ಜಪಾನಿಗೆ ಹೋಗಿದ್ದಳು. ರಜೆಯ ದಿನ ಒಬ್ಬಳೇ ಕ್ಯೋಟೋ ನಗರ ನೋಡಲು ಹೋಗಿ, ಅಲ್ಲಿ ಗೈಶಾ ವೇಷ ಹಾಕಿಸಿಕೊಂಡು ಫೋಟೋ ಕಳಿಸಿದಳು. ಸುಣ್ಣ ಬಳಿದಂಥ ಬಿಳಿ ಮುಖ, ಪುಟ್ಟ ಕೆಂಪು ತುಟಿ, ಬೆನ್ನ ಮೇಲೆ ಇಳಿಬಿದ್ದ ಉದ್ದನೆಯ ನಡುಪಟ್ಟಿ. ನನಗೆ ಗುರುತೇ ಸಿಗಲಿಲ್ಲ!

ಗೈಶಾ ಅಂದರೆ ಏನೋ ಹಗುರವಾದ ಅರ್ಥ ಅಂದುಕೊಂಡವರು ನಮ್ಮಲ್ಲಿ ಇದ್ದಾರೆ. ಅದು ತಪ್ಪು. ‘ಗೇ’ ಅಂದರೆ ಕಲೆ, ‘ಶಾ’ ಅಂದರೆ ವ್ಯಕ್ತಿ, ಅಂದರೆ ಕಲಾವಿದೆ. ಕಲಿಯುವ ಹುಡುಗಿಗೆ ಮೈಕೋ ಅನ್ನುತ್ತಾರೆ. ಆಕೆ ಐದು ವರ್ಷದಷ್ಟು ಕಾಲ ನೃತ್ಯ, ಹಾಡು, ಮೂರು ತಂತಿಯ ಶಾಮಿಸೆನ್ ವಾದ್ಯ, ಚಹಾ ಕೊಡುವ ಶಾಸ್ತ್ರ ಎಲ್ಲ ಕಲಿಯಬೇಕು. ಮೊದಲು ಮೇಣ ಹಚ್ಚಿ, ಅದರ ಮೇಲೆ ನೀರಿನಲ್ಲಿ ಕಲಸಿದ ಬಿಳಿ ಬಣ್ಣವನ್ನು ಕುಂಚದಿಂದ ಬಳಿಯುತ್ತಾರೆ. ಕತ್ತಿನ ಹಿಂದೆ ಮಾತ್ರ ಎರಡು ಗೆರೆಯಷ್ಟು ಚರ್ಮವನ್ನು ಹಾಗೇ ಬಿಡುತ್ತಾರೆ. ಹೊಸದಾಗಿ ಸೇರಿದ ಮೈಕೋ ಕೆಳತುಟಿಗೆ ಮಾತ್ರ ಕೆಂಪು ಹಚ್ಚಬೇಕಂತೆ. ಇನ್ನೊಂದು ಕೇಳಿ, ಮೊಟ್ಟಮೊದಲು ಗೈಶಾ ಆಗಿದ್ದವರು ಗಂಡಸರು! ಹದಿನೆಂಟನೆಯ ಶತಮಾನದಲ್ಲಿ ಹೆಂಗಸರು ಆ ಕಲೆಗೆ ಬಂದು ಅದನ್ನು ತಮ್ಮದಾಗಿ ಮಾಡಿಕೊಂಡರು.

ನಮ್ಮ ಹುಡುಗಿ ಹಾಕಿಸಿಕೊಂಡದ್ದು ಪ್ರವಾಸಿಗಳಿಗಾಗಿ ಅಂಗಡಿಯಲ್ಲಿ ಮಾಡುವ ಅಲಂಕಾರ. ಅವಳೇ ಹೇಳಿದಳು, “ಚಿಕ್ಕಮ್ಮಾ, ಒಂದು ಗಂಟೆ ಯಾರೋ ನನ್ನ ಮುಖ ಹಿಡಿದುಕೊಂಡು ಕೆಲಸ ಮಾಡಿದರು, ನನಗೆ ಅಳು ಬಂದುಬಿಡ್ತು.”

ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ನಾನಿರುವುದು ಬೆಂಗಳೂರಿನ ಅಂಚಿನ ಚಿಕ್ಕಬಾಣಾವರದಲ್ಲಿ. ಒಂದು ಕಡೆ ಕೆರೆ, ಇನ್ನೊಂದು ಕಡೆ ಪೀಣ್ಯದ ಕಾರ್ಖಾನೆಗಳಿಗೆ ಓಡುವ ಜನ, ನಡುವೆ ಕಾಲೇಜು ಮಕ್ಕಳ ಬಾಡಿಗೆ ಕೋಣೆಗಳು. ನಮ್ಮ ಯಜಮಾನರೂ ಪೀಣ್ಯದಲ್ಲೇ ಕೆಲಸಕ್ಕಿದ್ದರು. 2019ರಲ್ಲಿ ಹೋಗಿಬಿಟ್ಟರು. ಆಮೇಲೆ ನಾನು ಹೂವು ಮುಡಿದಿಲ್ಲ, ಕುಂಕುಮ ಇಟ್ಟಿಲ್ಲ. ಬೇಡ ಅಂತ ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಈಗಿನ ಕಾಲದಲ್ಲಿ ಎಷ್ಟೋ ಜನ ಇಡುತ್ತಾರೆ. ಆದರೂ ಅತ್ತೆಯವರ ಮುಂದೆ, ಬೀದಿಯವರ ಮುಂದೆ ನನ್ನ ಕೈ ಹಣೆಯ ತನಕ ಏಳಲಿಲ್ಲ. ಕನ್ನಡಿಯನ್ನು ಬಾಚಣಿಗೆಗೆ ಎಷ್ಟು ಬೇಕೋ ಅಷ್ಟೇ ನೋಡೋದು ಅಭ್ಯಾಸವಾಗಿತ್ತು.

ಕ್ಯೋಟೋಗೆ ಹೋಗುವಷ್ಟು ದುಡ್ಡು ನಮಗೆಲ್ಲಿ? ಆದರೆ ಮುಖಕ್ಕೆ ಬಣ್ಣ ಬರೆಯುವ ದೊಡ್ಡ ವಿದ್ಯೆ ನಮ್ಮ ಕರಾವಳಿಯಲ್ಲೇ ಇದೆಯಲ್ಲ, ಯಕ್ಷಗಾನ! ನಮ್ಮ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಕಾಲೇಜು ಹುಡುಗಿ ಕುಂದಾಪುರದ ಕಡೆಯವಳು. ಅವಳ ಅಜ್ಜ ಬಹಳ ವರ್ಷ ಮೇಳದಲ್ಲಿ ಸ್ತ್ರೀವೇಷ ಮಾಡಿದವರು. ಈಗ ಶಾಲೆ, ಸಂಘಗಳಿಗೆ ವೇಷಭೂಷಣ ಬಾಡಿಗೆಗೆ ಕೊಡುತ್ತಾರೆ, ಕೇಳಿದವರಿಗೆ ಬಣ್ಣವನ್ನೂ ಹಚ್ಚುತ್ತಾರೆ. ಅವಳೇ ಫೋನು ಮಾಡಿ ಒಪ್ಪಿಸಿದಳು. “ಒಬ್ಬಳೇ ಯಾಕೆ ಹೋಗ್ತೀಯಾ?” ಅಂತ ಅತ್ತೆ ಕೇಳಿದರು. “ಒಬ್ಬಳೇ ಹೋಗಿ ನೋಡಬೇಕು ಅನ್ನಿಸಿದೆ” ಅಂದೆ. ಅವರು ಮತ್ತೆ ಕೇಳಲಿಲ್ಲ, ದಾರಿಗೆ ಅಂತ ಕೊಬ್ಬರಿ ಮಿಠಾಯಿ ಕಟ್ಟಿಕೊಟ್ಟರು.

2023ರ ಡಿಸೆಂಬರ್‌ನಲ್ಲಿ ಯಶವಂತಪುರದಿಂದ ಕಾರವಾರಕ್ಕೆ ಹೋಗುವ ಹಗಲು ರೈಲು ಹತ್ತಿದೆ. ನಮ್ಮ ಚಿಕ್ಕಬಾಣಾವರದಲ್ಲೇ ಹಳಿ ಕವಲೊಡೆಯುತ್ತೆ. ಒಂದು ತುಮಕೂರಿಗೆ, ಇನ್ನೊಂದು ನೆಲಮಂಗಲ, ಕುಣಿಗಲ್ ಮೇಲೆ ಹಾಸನಕ್ಕೆ. 2017ರಲ್ಲಿ ಹಾಸನದ ತನಕ ಆ ದಾರಿ ತೆರೆದ ಮೇಲೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಾ ಎಷ್ಟು ರೈಲು ನೋಡಿದ್ದೆನೋ! ಒಳಗೆ ಕೂತು ಆ ಕವಲು ದಾಟಿದ್ದು ಅದೇ ಮೊದಲು. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡಿನ ತನಕ ಸುಮಾರು 55 ಕಿಲೋಮೀಟರು ಘಟ್ಟ, 57 ಸುರಂಗ. ಕಿಟಕಿ ಪಕ್ಕ ಜಾಗ ಸಿಕ್ಕರೆ ಊಟ ಮರೆತುಹೋಗುತ್ತೆ. ಆ ರಾತ್ರಿ ಹುಡುಗಿಯ ಮನೆಯವರೇ ಉಳಿಸಿಕೊಂಡರು.

ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಚಾಪೆ ಹಾಸಿ, ಗಣಪತಿಯ ಪಟಕ್ಕೆ ದೀಪ ಹಚ್ಚಿದರು. ಮೇಳದವರು ಬಣ್ಣ ಹಚ್ಚುವ ಜಾಗಕ್ಕೆ ಚೌಕಿ ಅನ್ನುತ್ತಾರೆ. ಅಲ್ಲಿ ಗಣಪತಿಗೆ ಪೂಜೆಯಾಗದೆ ಆಟ ಶುರುವಾಗುವುದಿಲ್ಲ. ಪೆಟ್ಟಿಗೆ ತೆಗೆದರೆ ಒಳಗೆ ಬಂಗಾರದ ರಾಶಿಯೇ ಇದ್ದಂತಿತ್ತು! ಕೈಗೆತ್ತಿಕೊಂಡರೆ ಎಲ್ಲ ಹಗುರ ಮರ. ಮರ ಕೆತ್ತಿ, ಮೇಲೆ ಬಂಗಾರ ಬಣ್ಣದ ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸಿದ ಒಡವೆಗಳು. ಭುಜಕೀರ್ತಿ, ಎದೆಕಟ್ಟು, ತೋಳಿನ ಕಟ್ಟು ಎಲ್ಲಕ್ಕೂ ಒಂದೊಂದು ಹೆಸರು.

“ಯಾವ ವೇಷ ಮಾಡುವ?” ಅಂದರು ಅಜ್ಜ. ನನಗೆ ಗೊತ್ತಾಗಲಿಲ್ಲ. ಅವರೇ ಹೇಳಿದರು, “ಸೈರಂಧ್ರಿ ಮಾಡುವ. ನಿಮಗೆ ಸರಿ ಆಗ್ತದೆ.”

ಕಥೆ ನಿಮಗೆ ಗೊತ್ತೇ ಇದೆ. ಅಜ್ಞಾತವಾಸದಲ್ಲಿ ದ್ರೌಪದಿ ವಿರಾಟನ ಅರಮನೆ ಸೇರಿ, ರಾಣಿ ಸುದೇಷ್ಣೆಗೆ ತಲೆ ಬಾಚುವ, ಹೂವು ಮುಡಿಸುವ ಕೆಲಸಕ್ಕೆ ನಿಲ್ಲುತ್ತಾಳೆ. ಸೈರಂಧ್ರಿ ಅಂದರೇ ಇನ್ನೊಬ್ಬರನ್ನು ಸಿಂಗರಿಸುವವಳು. ‘ಕೀಚಕ ವಧೆ’ ಪ್ರಸಂಗದಲ್ಲಿ ಅವಳದ್ದೇ ದೊಡ್ಡ ಪಾತ್ರ. ಇಷ್ಟು ವರ್ಷ ಮನೆಯವರಿಗೆಲ್ಲ ತಲೆ ಬಾಚಿದ ನನಗೆ ಇದಕ್ಕಿಂತ ಒಪ್ಪುವ ವೇಷ ಬೇರೆ ಯಾವುದಿದೆ?

ಮೊದಲು ಮುಖಕ್ಕೆ ತೆಳ್ಳಗೆ ತೆಂಗಿನೆಣ್ಣೆ. ಅದರ ಮೇಲೆ ಬಿಳಿ, ಹಳದಿ, ಕೆಂಪು ಪುಡಿ ಅಂಗೈಯಲ್ಲೇ ಕಲಸಿ, ಬೆರಳಿನಿಂದ ತಟ್ಟುತ್ತಾ ಹೋದರು. ಹಿಂದೆ ಹಳದಿಗೆ ಹರಿದಾಳ, ಕೆಂಪಿಗೆ ಇಂಗಳೀಕ ಬಳಸುತ್ತಿದ್ದರು. ಒಂದು ಪಾಷಾಣದ ಜಾತಿ, ಇನ್ನೊಂದರಲ್ಲಿ ಪಾದರಸ. ಜಪಾನಿನ ಬಿಳಿ ಬಣ್ಣದಲ್ಲೂ ಹಿಂದೆ ಸೀಸ ಇರುತ್ತಿತ್ತು. ಚೆಂದಕ್ಕಾಗಿ ಎರಡೂ ಕಡೆಯ ಕಲಾವಿದರು ಮೈಗೆ ವಿಷ ಹಚ್ಚಿಕೊಂಡವರೇ. ನನಗೆ ಹಚ್ಚಿದ್ದು ಅಂಗಡಿಯ ಹೊಸ ಬಣ್ಣ. ಕಣ್ಣಿಗೆ ಕಾಡಿಗೆ ಎಳೆಯುವಾಗ “ಮೇಲೆ ನೋಡಿ, ಈಗ ಕೆಳಗೆ” ಅನ್ನುತ್ತಾ ಗಲ್ಲ ಹಿಡಿದ ಆ ಮುದಿ ಕೈ ಒಂಚೂರೂ ನಡುಗಲಿಲ್ಲ. ನನ್ನ ಅಪ್ಪ ಶಾಲೆಗೆ ಕಳಿಸುವಾಗ ಹೀಗೇ ಗಲ್ಲ ಹಿಡಿದು ಕ್ರಾಪು ತೆಗೆಯುತ್ತಿದ್ದರು.

ಕೊನೆಗೆ ಕುಂಕುಮದ ಬಟ್ಟಲು ತೆಗೆದರು. ನನ್ನ ಮುಖ ತಾನೇ ಹಿಂದಕ್ಕೆ ಸರಿಯಿತು. “ಅದೊಂದು ಬೇಡಿ” ಅಂದೆ. ಯಾಕೆ ಅಂತ ಹೇಳಿದೆ.

ಅಜ್ಜ ಕಡ್ಡಿಯನ್ನು ಹಾಗೇ ಹಿಡಿದುಕೊಂಡು ಕೂತರು. ಆಮೇಲೆ ಹೇಳಿದರು, “ಅಮ್ಮ, ಸೈರಂಧ್ರಿಗೆ ಗಂಡಂದಿರು ಐದು ಜನ. ಕುಂಕುಮ ಬಿಟ್ಟರೆ ಅವರೈವರಿಗೂ ನಾನು ಎಂತ ಉತ್ತರ ಕೊಡೂದು?” ಒಳಗಿದ್ದ ಅವರ ಹೆಂಡತಿ ಕಿಸಕ್ಕನೆ ನಕ್ಕರು. ನನಗೂ ನಗು ಬಂತು. ನಗುತ್ತಿರುವಾಗಲೇ ಅಜ್ಜ ಮೆತ್ತಗೆ ಕೇಳಿದರು, “ಇಡ್ಲಾ?” ಹೂಂ ಅಂದೆ.

ಕನ್ನಡಿ ಕೊಟ್ಟರು. ಏನು ಹೇಳಲಿ! ಅಲ್ಲಿ ಕೂತಿದ್ದವಳು ನಾನಲ್ಲ, ಆದರೆ ಕಣ್ಣು ನನ್ನದೇ. ನಾಲ್ಕು ವರ್ಷದಿಂದ ಸರಿಯಾಗಿ ನೋಡದೆ ಬಿಟ್ಟಿದ್ದ ಕಣ್ಣು. ಅಳಬಾರದು, ಬಣ್ಣ ಹಾಳಾಗುತ್ತೆ ಅಂತ ಅಜ್ಜಿ ಮೊದಲೇ ಎಚ್ಚರ ಹೇಳಿದ್ದರಿಂದ ಬಿಗಿಹಿಡಿದು ಕೂತೆ.

ಫೋಟೋ ತೆಗೆದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಅಜ್ಜ ಬಿಡಲಿಲ್ಲ. “ವೇಷ ಹಾಕಿ ಕೂತ್ಕೊಂಡರೆ ಅದು ಬೊಂಬೆ. ನಾಲ್ಕು ಹೆಜ್ಜೆ ಹಾಕಿ” ಅಂದರು. ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗೆ ಇಟ್ಟು, ತಾಳಕ್ಕೆ ಕಾಲು ಇಡಬೇಕು. ಹತ್ತು ನಿಮಿಷಕ್ಕೇ ತೊಡೆ ನಡುಗಿತು. ಗಂಡುವೇಷದ ಮುಂಡಾಸು ಹೇಗಿರುತ್ತೆ ಅಂತ ಪಕ್ಕದ ಮನೆಯ ಹುಡುಗನ ತಲೆಗೆ ಕಟ್ಟಿ ತೋರಿಸಿದರು. ಬಟ್ಟೆ ಸುತ್ತಿದ ಹಗ್ಗವನ್ನು ಬಿಗಿಯಾಗಿ ಸುತ್ತುತ್ತಾ ಸುತ್ತುತ್ತಾ ಕೇದಗೆಯ ಎಸಳಿನ ಆಕಾರ ತರುತ್ತಾರೆ, ಅದಕ್ಕೇ ಕೇದಗೆ ಮುಂದಲೆ ಅಂತ ಹೆಸರು. ಇದನ್ನು ಹೊತ್ತು ರಾತ್ರಿಯಿಡೀ ಕುಣಿದು, ಬೆಳಿಗ್ಗೆ ಬಣ್ಣ ತೆಗೆದು, ಸಂಜೆಗೆ ಇನ್ನೊಂದು ಊರು. ಹೆಣ್ಣಾಗಿ ಕುಣಿದವರೂ ಬಹುಕಾಲ ಗಂಡಸರೇ. ಈಗ ಹೆಂಗಸರ ತಂಡಗಳೂ ಇವೆ. ಲೀಲಾವತಿ ಬೈಪಾಡಿತ್ತಾಯರಂಥವರು ಭಾಗವತರಾಗಿ ಮೇಳಗಳಲ್ಲಿ ಹಾಡಿ ಹೆಸರು ಮಾಡಿದರು. ಗೈಶಾ ಕಲೆಗೆ ಹೆಂಗಸರು ಬಂದ ಹಾಗೆಯೇ ಅಲ್ಲವೇ?

ಆ ದಿನ ನನಗೆ ತಿಳಿದದ್ದು ಇಷ್ಟು. ಸಿಂಗಾರ ಅನ್ನೋದು ಯಾರದೋ ಹೆಂಡತಿ ಅನ್ನುವುದಕ್ಕೆ ಮಾತ್ರ ಸೇರಿದ್ದಲ್ಲ. ಅದು ಒಂದು ವಿದ್ಯೆ, ಒಬ್ಬರ ಕೈಯ ದುಡಿಮೆ. ಅಷ್ಟು ಮರ್ಯಾದೆಯಿಂದ ಒಬ್ಬರು ನನ್ನ ಹಣೆಗೆ ಬಣ್ಣ ಇಟ್ಟ ಮೇಲೆ, ಆ ಹಣೆಯನ್ನು ನಾನೇ ಹಗುರ ಮಾಡೋದು ಹೇಗೆ? ವಾಪಸು ಹೊರಡುವ ದಿನ ಕುಂದಾಪುರ ಪೇಟೆಯಲ್ಲಿ ಉಡುಪಿ ಮಲ್ಲಿಗೆ ಕೊಂಡೆ. ರೈಲಿನಲ್ಲಿ ಮುಡಿದುಕೊಂಡೇ ಬಂದೆ. ಮನೆ ಬಾಗಿಲಲ್ಲಿ ಅತ್ತೆ ನೋಡಿದರು. “ಮಲ್ಲಿಗೆ ಘಮಘಮ ಅನ್ನುತ್ತೆ, ದೇವರಿಗೂ ಸ್ವಲ್ಪ ಇಟ್ಟಿದ್ದೀಯಾ?” ಅಂದರು. ಇಟ್ಟಿದ್ದೆ.

ನೀವೂ ಇಂಥ ಆಸೆ ಮಾಡುವುದಾದರೆ ಕೆಲವು ಮಾತು. ಹಿಂದಿನ ದಿನವೇ ಬಣ್ಣವನ್ನು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿಸಿ ನೋಡಿ, ತುರಿಕೆ ಬಂದರೆ ಬೇಡ. ಮುಂದೆ ಗುಂಡಿ ಇರುವ ಹಳೆಯ ರವಿಕೆ ತೊಡಿ, ತಲೆಯ ಮೇಲಿಂದ ತೆಗೆಯುವಂಥದು ಬೇಡ. ಹೊಟ್ಟೆ ತುಂಬ ತಿನ್ನಬೇಡಿ, ಖಾಲಿ ಹೊಟ್ಟೆಯಲ್ಲೂ ಕೂರಬೇಡಿ, ಎರಡು ಇಡ್ಲಿ ಸಾಕು. ಬಣ್ಣ ತೆಗೆಯಲು ಸೋಪು ತಿಕ್ಕಬೇಡಿ. ತೆಂಗಿನೆಣ್ಣೆ ಧಾರಾಳವಾಗಿ ಹಚ್ಚಿ, ಮೆತ್ತನೆಯ ಹಳೆಯ ಪಂಚೆಯಿಂದ ಒರೆಸಿ, ಆಮೇಲೆ ಕಡಲೆಹಿಟ್ಟಿನಲ್ಲಿ ತೊಳೆಯಿರಿ. ಎಷ್ಟು ಕೊಡಬೇಕು ಅಂತ ಮೊದಲೇ ಕೇಳಿ, ಚೌಕಾಸಿ ಮಾಡಬೇಡಿ. ಮೂರು ಗಂಟೆಯ ಕೆಲಸ ಅದು.

ಒಬ್ಬರೇ ಹೋಗಲು ಭಯವಿದ್ದರೆ ಹಗಲು ಪ್ರಯಾಣ ಇಟ್ಟುಕೊಳ್ಳಿ. ಉಳಿಯುವ ಜಾಗ ಗೊತ್ತಾದ ಮೇಲೆಯೇ ಟಿಕೆಟ್ ತೆಗೆಸಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ, ಗುರುತಿನ ಚೀಟಿ ಇರಲಿ. ಕರಾವಳಿಯಲ್ಲಿ ಖಾಸಗಿ ಬಸ್ಸೇ ಹೆಚ್ಚು, ಅದಕ್ಕೆ ಚಿಲ್ಲರೆ ಇಟ್ಟುಕೊಳ್ಳಿ.

ಆಟ ನೋಡುವುದಾದರೆ ದೀಪಾವಳಿ ಕಳೆದ ಮೇಲೆ ಮೇ ತಿಂಗಳ ತನಕ ಮೇಳಗಳ ತಿರುಗಾಟ. ಹರಕೆ ಆಟಕ್ಕೆ ಟಿಕೆಟ್ಟಿಲ್ಲ, ಯಾರು ಬೇಕಾದರೂ ಕೂತು ನೋಡಬಹುದು. ಕೇಳದೆ ಚೌಕಿಗೆ ನುಗ್ಗಿ ಫೋಟೋ ಹೊಡೆಯಬೇಡಿ. ಕ್ಯೋಟೋದಲ್ಲಿ ಕೆಲಸಕ್ಕೆ ಹೊರಟ ಮೈಕೋಗಳನ್ನು ಪ್ರವಾಸಿಗಳು ಬೆನ್ನಟ್ಟಿ ಕಾಡಿದ್ದಕ್ಕೆ, 2024ರಲ್ಲಿ ಗಿಯೋನ್ ಬೀದಿಯವರು ತಮ್ಮ ಖಾಸಗಿ ಓಣಿಗಳನ್ನು ಪ್ರವಾಸಿಗಳಿಗೆ ಮುಚ್ಚಿ, ಒಳಗೆ ಬಂದರೆ ಹತ್ತು ಸಾವಿರ ಯೆನ್ ದಂಡ ಅಂತ ಫಲಕ ಹಾಕಬೇಕಾಯಿತು. ನಮ್ಮ ಕಲಾವಿದರಿಗೆ ಆ ಗತಿ ನಾವು ತರಬಾರದು.

ಕರಾವಳಿ ದೂರವಾದರೆ ನಿಮ್ಮ ಕಡೆಯೇ ವಿಚಾರಿಸಿ. ತುಮಕೂರು ಸೀಮೆಯಲ್ಲಿ ಮೂಡಲಪಾಯ ಇದೆ, ಉತ್ತರದಲ್ಲಿ ದೊಡ್ಡಾಟ, ಸಣ್ಣಾಟ ಇವೆ. ಪೆಟ್ಟಿಗೆ ಬೀಗ ಹಾಕಿಕೊಂಡು ಕೂತ ಹಳೆಯ ವೇಷಧಾರಿ ಒಬ್ಬರಾದರೂ ಸುತ್ತಲಿನ ಹಳ್ಳಿಯಲ್ಲಿ ಇದ್ದೇ ಇರುತ್ತಾರೆ. ಹೋಗಿ ಎದುರಿಗೆ ಕೂತು “ನನಗೊಂದು ವೇಷ ಹಾಕ್ತೀರಾ?” ಅಂತ ಕೇಳಿ ನೋಡಿ. ಬೀಗದ ಕೈ ಹುಡುಕಲು ಅವರು ಏಳುವ ಗಡಿಬಿಡಿ ನೋಡುವುದಕ್ಕಾದರೂ ಹೋಗಬೇಕು.